ಹದಿನಾಲ್ಕನೆಯ ಅಡಿಟಿಪ್ಪಣಿ

ಅಲ್ಲಿ ಅಲ್ಪವಿರಾಮ ಬೇಡ, ಚುಕ್ಕೆ, ಇಸವಿ ಆದಮೇಲೆ ಚುಕ್ಕೆ, ಆಮೇಲೆ ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ, ಊರು, ಪ್ರಕಾಶಕರು, ಪುಟ — ಎಷ್ಟು ಸಲೀಸಾಗಿ ಓಡುತ್ತವೆ ಈ ನಾಗರತ್ನಾ ಅವರ ಬೆರಳು, ಬೈಲಹೊಂಗಲದ ಅರ್ಧ ಲಗ್ನಪತ್ರಿಕೆಗಳು ಇವರ ಡಿಟಿಪಿ ಅಂಗಡಿಯಿಂದಲೇ ಹೊರಬೀಳುವುದು, ಇವತ್ತು ನನ್ನ ಲೇಖನ, ಸರ್ರ, ಅಡ್ಡಹೆಸರ ಮೊದಲ ಹಾಕ್ಲೋ ಹೆಸರ ಮೊದಲೋ, ಅಡ್ಡಹೆಸರ ಮೊದಲ್ರಿ, ಅವರಿಗೆ ಹಂಗ ಬೇಕಂತ — ಅವರಿಗೆ ಅಂದರೆ ಪತ್ರಿಕೆಯ ಸಂಪಾದಕರಿಗೆ, ಅವರ ಕಾಗದ ಇಲ್ಲೇ ಫ್ಲಾಪಿ ಡಬ್ಬಿಯ ಕೆಳಗೆ ಬಿದ್ದಿದೆ, ಲೇಖನ ಸ್ವೀಕೃತವಾಗಿದೆ, ಸಂತೋಷ, ಆದರೆ ಹದಿನಾಲ್ಕನೆಯ ಅಡಿಟಿಪ್ಪಣಿ ಅಪೂರ್ಣ, ಶಾಸನ ಎಲ್ಲಿ ಪ್ರಕಟವಾಗಿದೆ, ಸಂಪುಟ, ಸಂಖ್ಯೆ, ಪುಟ ಕೊಡಿ, ಅಪ್ರಕಟಿತವಾದರೆ ಅಕ್ಷರ ಕಾಣುವಂಥ ಫೋಟೋ ಕಳಿಸಿ, ಎರಡೂ ಇಲ್ಲವಾದರೆ ಆ ಭಾಗವನ್ನು ಕೈಬಿಡಿ. ಕೈಬಿಡಿ ಅಂತೆ! ಎಷ್ಟು ಹಗುರವಾಗಿ ಬರೆಯುತ್ತಾರೆ ನೋಡು, ಆ ಭಾಗ ಬಿಟ್ಟರೆ ಉಳಿಯುವುದು ಮಣ್ಣಂಗಟ್ಟಿ, ಹೂಲಿಯ ಗುಡಿಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಅಲ್ಲಿಂದ ಒಂದು ಹರದಾರಿ ದೂರದ ನಮ್ಮೂರಿನ ಸಣ್ಣ ಗುಡಿಯ ಕಲ್ಲನ್ನು ಓದಿದವನು ನಾನೊಬ್ಬನೇ, ಅದರಲ್ಲಿ ರಾಜನಿಲ್ಲ, ದಂಡನಾಯಕನಿಲ್ಲ, ಮಾಲೆ ಕಟ್ಟುವ ಒಬ್ಬ ಹೆಂಗಸು, ನಾಗಿಯಬ್ಬೆ, ಕೆರೆ ತೋಡಲು ಜಾಗ ಸಾಲದೆ ಬಂದಾಗ ತನ್ನ ಹೂದೋಟವನ್ನೇ ಬಿಟ್ಟುಕೊಟ್ಟವಳು, ಇವತ್ತಿಗೂ ಊರ ದನ ನೀರು ಕುಡಿಯುವುದು ಅವಳ ತೋಟದಲ್ಲಿ, ಕರೆಯುವುದು ಮಾತ್ರ ದೇಸಾಯರ ಕೆರೆ ಅಂತ. ಇರಲಿ, ನಾನಾದರೂ ಬರೆಯುತ್ತೇನೆ, ಅವಳ ಹೆಸರು ಅಚ್ಚಾಗುತ್ತದೆ ಅಂದುಕೊಂಡೆನಲ್ಲ, ಎಂಥ ಹುಚ್ಚ ನಾನು.

ಎಂ.ಎ. ಓದುವ ಕಾಲ, ತೊಂಬತ್ತನಾಲ್ಕರ ಬೇಸಗೆ, ಗುಡಿಯ ಹಿಂದೆ ಬೇವಿನ ಗಿಡದ ಕೆಳಗೆ ಆ ಕಲ್ಲು ಅಡ್ಡ ಬಿದ್ದಿತ್ತು, ಸವೆದ ಅಕ್ಷರದೊಳಗೆ ಹಿಟ್ಟು ತಿಕ್ಕಿದರೆ ಬೆಳ್ಳಗೆ ಎದ್ದು ಕಾಣುತ್ತದೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು, ನಮ್ಮ ಮನೆಯಲ್ಲಿ ಗೋಧಿ ಹಿಟ್ಟೆಲ್ಲಿ, ಜೋಳದ್ದೇ ಕೇಳಿದೆ, ಅವ್ವ ಬುಟ್ಟಿಯಲ್ಲಿ ತಂದುಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಕ್ಕಳು, ಮಂದಿ ಮಕ್ಕಳು ರೊಟ್ಟಿ ತಿಂತಾವ, ನನ್ನ ಮಗಾ ಕಲ್ಲಿಗೆ ತಿನ್ನಸಾಕ ಹತ್ಯಾನ ನೋಡ್ರವಾ, ನಮ್ಮಣ್ಣ ದುಂಡಪ್ಪ ಎತ್ತುಗಳನ್ನು ಅಲ್ಲೇ ಕಟ್ಟಿ ಬಂದು ಕಲ್ಲನ್ನು ಸನಿಕೆಯಿಂದ ಮೀಟಿ ಹೊರಳಿಸಿಕೊಟ್ಟ, ಏನ ಬರದಾರೋ ತಮ್ಮಾ, ಬಂಗಾರ ಎಲ್ಲಿ ಹುಗದಾರಂತ ಬರದಾರೇನ? ಬಂಗಾರಲ್ಲಣ್ಣಾ, ಒಬ್ಬಾಕಿ ಹೆಸರ ಐತಿ, ಅಷ್ಟಕ್ಕ ಇಷ್ಟ ಬಿಸಲಾಗ ಕುಂತೀಯಾ ಖೋಡಿ! ಸಂಜೆಯವರೆಗೆ ಪೆನ್ಸಿಲಿನಿಂದ ಸಾಲುಸಾಲಾಗಿ ಇಳಿಸಿಕೊಂಡೆ, ಕ್ಯಾಮೆರಾ ಯಾರ ಹತ್ತಿರ ಇತ್ತು ಆಗ. ಇವತ್ತು ಇತ್ತು, ಕಾಲೇಜಿನ ಯುವರಾಜನದು, ಬೇಡಿ ತಂದೆ, ರೀಲು ಹಾಕಿಸಿದೆ, ಚೀಲದಲ್ಲಿ ಒಂದು ಪೊಟ್ಟಣ ಹಿಟ್ಟು, ಮೊದಲನೇ ಬಸ್ಸಿಗೆ ಸವದತ್ತಿ, ಅಲ್ಲಿಂದ ಟಂಟಂ ಆಟೋ, ಒಂದೇ ಒಂದು ಫೋಟೋ, ಮಧ್ಯಾಹ್ನ ವಾಪಸು, ರೀಲು ತೊಳೆಸಿ ಸಂಜೆಯ ಟಪಾಲಿಗೆ ಲೇಖನ, ಎಲ್ಲ ಲೆಕ್ಕ ಹಾಕಿದ್ದೆ, ಅಣ್ಣ ಊರ ಅಗಸಿ ಬಾಗಿಲಲ್ಲೇ ಸಿಕ್ಕ, ಮುಖವೆಲ್ಲ ನಗು, ಚಾ ಆಮ್ಯಾಲ ಕುಡಿಯೂಣು, ಮೊದಲ ಗುಡಿಗೆ ನಡಿ, ನಿನಗ ಹೇಳಬ್ಯಾಡ್ರಂತ ಎಲ್ಲಾರಿಗೂ ತಾಕೀತ ಮಾಡಿದ್ನಿ, ಬಂದಾಗ ನೋಡ್ಲಿ ಅಂತ.

ಗುಡಿ ಜೀರ್ಣೋದ್ಧಾರವಾಗಿತ್ತು, ಹೊಸ ಸಿಮೆಂಟು, ಗೋಡೆಗೆ ಹಸಿರು ಬಣ್ಣ, ಬಾಗಿಲ ಪಕ್ಕದಲ್ಲಿ ಎದ್ದು ನಿಂತ ಒಂದು ಕಲ್ಲು, ದೇಣಿಗೆ ಕೊಟ್ಟವರ ಹೆಸರು, ಯಾವ ಗುಡಿಗೆ ಹೋದರೂ ಇರುತ್ತದಲ್ಲ, ಹಾಗೆ, ನಾನು ಅದನ್ನು ದಾಟಿ ಹಿಂದಕ್ಕೆ ಹೊರಟೆ, ಬೇವಿನ ಗಿಡದ ಕಡೆಗೆ, ಅಣ್ಣ ರಟ್ಟೆ ಹಿಡಿದು ನಿಲ್ಲಿಸಿದ, ಅಲ್ಲೆಲ್ಲಿ ಹೊಂಟಿ, ಇದ ನೋಡ, ನಿಂದ ಕಲ್ಲ, ಹಿಟ್ಟ ತಿಕ್ಕತಿದ್ದೆಲ್ಲಾ ಅದ! ಬ್ಯಾರೇ ಕಲ್ಲ ತರಸೂಣಂದ್ರು ಪಂಚರು, ನಾ ಒಪ್ಪಲಿಲ್ಲ, ನನ್ನ ತಮ್ಮಗ ಈ ಕಲ್ಲಂದ್ರ ಜೀವ, ಅವನ ಹೆಸರ ಕೂತರ ಇದರ ಮ್ಯಾಲ ಕೂಡಬೇಕಂದ್ನಿ, ಹಳೇ ಅಕ್ಷರಾ ಎಲ್ಲಾ ಸವದಿದ್ದುವು, ಕಲ್ಲಕುಟಿಗ ಉಳಿ ಹೊಡದ ಕನ್ನಡಿ ಹಂಗ ಸಾಪ ಮಾಡಿಕೊಟ್ಟ. ನಾನು ಅಂಗೈ ಇಟ್ಟೆ, ನುಣ್ಣಗೆ, ಎಲ್ಲೂ ಒಂದು ಗೀರಿಲ್ಲ, ಅಯ್ಯೋ ಶಿವನೇ, ಏನು ಮಾಡಿದೆಯೋ ಅಣ್ಣಾ ಅಂತ ಎದೆಯಲ್ಲಿ ಕೂಗಿಕೊಂಡೆ, ಬಾಯಲ್ಲಿ ಬಂದದ್ದು ಚಲೋ ಆಗೇತಿ ಅಣ್ಣಾ, ಭಾಳ ಚಲೋ ಆಗೇತಿ. ಮತ್ತೇನು ಹೇಳಲಿ, ಸಾಲೆಯ ಮೆಟ್ಟಿಲು ಹತ್ತದವನು, ನನ್ನನ್ನು ಧಾರವಾಡಕ್ಕೆ ಕಳಿಸಿ ತಾನು ನೇಗಿಲು ಹಿಡಿದವನು, ಪಂಚರೆಲ್ಲ ಸುತ್ತ ನಿಂತಿದ್ದರು, ಪೂಜಾರಿ ಗಂಗಯ್ಯಸ್ವಾಮಿ ಕಾಯಿ ಒಡೆದು ಹೋಳು ಕೈಗಿಟ್ಟ, ಪ್ರೊಫೆಸರ್‌ ಸಾಹೇಬ್ರ ಬಂದ್ರಲ್ಲಾ ಅಂದ. ಎಲ್ಲರಿಗಿಂತ ಮೇಲಿನ ಸಾಲು ನನ್ನದು, ಪ್ರೊ. ಸತ್ಯಪ್ಪ ಮುದಕಪ್ಪ ಕಡಕೋಳ, ಕೆಂಪು ಬಣ್ಣ ತುಂಬಿದ ದಪ್ಪ ಅಕ್ಷರ, ಕೊಟ್ಟವನು ಅಣ್ಣ, ಬರೆಸಿದ್ದು ನನ್ನ ಹೆಸರು, ಪ್ರೊಫೆಸರನೂ ಅಲ್ಲ ನಾನು, ತಾಸಿಗಿಷ್ಟು ಅಂತ ಪಾಠ ಮಾಡುವ ಮೇಷ್ಟ್ರು, ಒಂದು ಸಾಲಿನಲ್ಲಿ ಎರಡು ಸುಳ್ಳು, ಇದಕ್ಕೆ ಯಾವ ಸಂಪಾದಕರೂ ಆಧಾರ ಕೇಳುವುದಿಲ್ಲ, ಕಲ್ಲಿನ ಮೇಲಿದೆಯಲ್ಲ! ಓದು ಬಾರದ ಅಣ್ಣ ಬೆರಳಿಟ್ಟು ತೋರಿಸಿದ, ಇದ ನಿನ್ನ ಹೆಸರ, ಹೌದಿಲ್ಲೋ? ಹೌದಣ್ಣಾ. ಕ್ಯಾಮೆರಾ ತಂದೀಯಲ್ಲಾ, ತಗಿ ಮತ್ತ, ನನ್ನೂ ಬಾಜೂಕ ನಿಂದರಸಿ ತಗಿ — ತೆಗೆದೆ, ಅಕ್ಷರ ಸ್ಪಷ್ಟವಾಗಿ ಬಂದಿರುತ್ತದೆ.

ಸರ್ರ, ಹದಿನಾಲ್ಕಕ್ಕ ಏನ ಹಾಕ್ಲಿರಿ, ಲಗೂ ಹೇಳ್ರಿ, ಮೂರಕ್ಕ ಕರೆಂಟ ಹೋಗತೇತಿ — ಏನು ಹಾಕಿಸಲಿ, ಲೇಖಕನ ಕೈಪ್ರತಿ ಅಂದರೆ ಒಪ್ಪುವುದಿಲ್ಲ, ಬರೆದವನೇ ಸಾಕ್ಷಿಯಾದರೆ ಯಾರು ಒಪ್ಪುತ್ತಾರೆ, ಶಾಸನ ನಾಶವಾಗಿದೆ ಅಂತ ಹಾಕಿಸಲೇ, ಯಾರು ಮಾಡಿದ್ದು ಅಂತ ಕೇಳುತ್ತಾರೆ, ಬಂದು ನೋಡುತ್ತಾರೆ, ಮೇಲಿನ ಸಾಲಿನಲ್ಲೇ ನಾನಿದ್ದೇನೆ, ಸರಕಾರದವರು ಅಣ್ಣನನ್ನು ಕರೆದು ನಿಲ್ಲಿಸಿದರೆ ಅವನೇನು ಹೇಳಿಯಾನು, ನನ್ನ ತಮ್ಮನ ಸಲುವಾಗಿ ಮಾಡೇನ್ರಿ ಅಂತಾನೆ, ಅದೂ ನಿಜವೇ, ಎಲ್ಲಿ ಹೊರಳಿದರೂ ಗೋಡೆ, ನಾಗಿಯಬ್ಬೆ, ತಾಯೀ, ನಿನಗೆ ಒಂದು ಪುಟಸಂಖ್ಯೆ ಸಹ ಕೊಡಲಾಗಲಿಲ್ಲ ನನಗೆ. ತಗೀರಿ. ಟಿಪ್ಪಣಿ ಅಷ್ಟ ತಗೀಲೋ, ಮ್ಯಾಲಿಂದೂ ಪೂರಾ ತಗೀಲೋ? ಪೂರಾ ತಗೀರಿ. ಅವಳಿದ್ದ ಸಾಲುಗಳೆಲ್ಲ ಒಮ್ಮೆ ಕಪ್ಪಾದವು, ಒಂದು ಕೀಲಿ ಒತ್ತಿದರು, ಇಲ್ಲ, ಅಷ್ಟೇ, ಕೆಳಗಿನದು ಮೇಲಕ್ಕೆ ಸರಿದು ಕೂತಿತು, ಹದಿನೈದು ಇದ್ದದ್ದು ಹದಿನಾಲ್ಕಾಯಿತು, ನಂಬರ ತಾನ ಹೊಂದಿಸಿಕೊಳ್ಳತೇತ್ರಿ, ನೀವೇನ ಚಿಂತಿ ಮಾಡಬ್ಯಾಡ್ರಿ, ಹೌದು, ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಿ ಒಬ್ಬಳು ಇದ್ದಳು ಅಂತ ಯಾರಿಗೂ, ಕಣ್ಣಲ್ಲಿ ನೀರು ಬರುತ್ತಿದೆ, ಥೂ, ಅಂಗಡಿಯಲ್ಲಿ ಕೂತು. ಸರ್ರ, ಆತ್ರಿ, ಕಡೀಕ ಒಂದ, ಲೇಖನದ ಮ್ಯಾಲ ನಿಮ್ಮ ಹೆಸರ ಹೆಂಗ ಹಾಕ್ಲಿ, ಮುಂದ ಪ್ರೊ. ಹಚ್ಚಲೇನ್ರಿ? ಬೇಡ ಅನ್ನಬೇಕು, ಆದರೆ ಕಣ್ಣ ಮುಂದೆ ಕೆಂಪು ಅಕ್ಷರ, ಅದರ ಮೇಲೆ ಅಣ್ಣನ ಬೆರಳು, ಉಗುರಿನಲ್ಲಿ ಹೊಲದ ಮಣ್ಣು, ನಿನ್ನ ಹೆಸರ ಹೌದಿಲ್ಲೋ, ನುಣ್ಣನೆ ಕಲ್ಲು, ಕೆಂಪು ಅಕ್ಷರ, ಅಣ್ಣನ ಬೆರಳು, ಹೌದಿಲ್ಲೋ ತಮ್ಮಾ, ಕೆಂಪು, ಬೆರಳು, ಹೌದಿಲ್ಲೋ —