ತಂತಿಯಾಚೆಯ ಹೆಜ್ಜೆಗಳು

ಅವ್ವ ಸಾಯಲಾರದೆ ಮಲಗಿದ್ದಳು. ಪಾದ್ರಿ ಬಂದು ಹಣೆಗೆ ಎಣ್ಣೆ ಹಚ್ಚಿ ಹೋಗಿದ್ದರು, ಶವಪೆಟ್ಟಿಗೆಗೆ ಹಲಗೆ ಕೊಯ್ಸಿಟ್ಟಿದ್ದೆವು. ನಾನು ಹನಿಸುವ ಜೇನುನೀರು ಬಿಟ್ಟರೆ ಅವಳ ಗಂಟಲಿಗೆ ಏನೂ ಇಳಿಯುತ್ತಿರಲಿಲ್ಲ. ಆದರೂ ಜೀವ ಹೋಗದು. ನೋಡಲು ಬಂದ ಹೆಂಗಸರು ಕೋಕಾ ಎಲೆ ಜಗಿಯುತ್ತ ಒಂದೇ ಮಾತು ಹೇಳಿದರು: ನಿಮ್ಮವ್ವ ಸತುರ್ನೀನಾ ಇನ್ನೂ ಹೆಜ್ಜೆ ಆಯ್ದು ಮುಗಿಸಿಲ್ಲ.

ನಮ್ಮ ಬೆಟ್ಟದಲ್ಲಿ ಸಾಯುವುದಕ್ಕೂ ಓಡಾಟವಿದೆ. ಬದುಕಿದ್ದಾಗ ನಡೆದ ದಾರಿಗಳಲ್ಲೆಲ್ಲ ಪ್ರಾಣ ಇನ್ನೊಮ್ಮೆ ನಡೆದು, ತಾನು ಬಿಟ್ಟ ಹೆಜ್ಜೆಗಳನ್ನು ಆಯ್ದುಕೊಂಡು ಹೋಗಬೇಕು. ಅದಕ್ಕೇ ಸಾಯುವವರ ಮನೆಯಲ್ಲಿ ಬಾಗಿಲು, ದನದ ಗೇಟು ಎಲ್ಲ ತೆರೆದಿಡುತ್ತೇವೆ. ನಾನೂ ತೆರೆದಿಟ್ಟಿದ್ದೆ. ಮುಚ್ಚಿಕೊಂಡಿದ್ದದ್ದು ಕಾಡಿನ ಮುಳ್ಳುತಂತಿ ಒಂದೇ.

ಅದು ಪೇಟೆಯವರು ಕೊಟ್ಟ ತಂತಿ. ಬೇಸಿಗೆ ಬಂದರೆ ಕೆಳಗೆ ಅವರ ನಲ್ಲಿಗಳು ಒಣಗುತ್ತಿದ್ದವು. ಹೊಳೆ ಹುಟ್ಟುವ ಕಾಡಿಗೆ ನಿಮ್ಮ ದನ ಬಿಡಬೇಡಿ, ವರ್ಷಕ್ಕಿಷ್ಟು ಜೇನುಪೆಟ್ಟಿಗೆ ಕೊಡುತ್ತೇವೆ ಎಂದು ಅವರೇ ಹತ್ತಿ ಬಂದರು. ಊರೆಲ್ಲ ಒಪ್ಪಿತು. ಒಬ್ಬರು ಮಾತು ಮುರಿದರೂ ಎಲ್ಲರ ಪೆಟ್ಟಿಗೆಯೂ ವಾಪಸ್. ಮೂರು ವರ್ಷದಿಂದ ಆ ಕಾಡಿನೊಳಗೆ ಗೊರಸು ಬಿದ್ದಿಲ್ಲ. ಮದುವೆಯಾಗುವವರೆಗೂ, ಆದ ಮೇಲೂ, ಅವ್ವ ದನ ಕಾಯ್ದದ್ದು ಆ ಕಾಡಿನಲ್ಲೇ.

"ತಂತಿ ಕತ್ತರಿಸ್ತೀನಿ," ಎಂದೆ ಗಂಡನಿಗೆ.

ಆರ್ಸೆನಿಯೊ ಊಟದ ತಟ್ಟೆ ಕೆಳಗಿಟ್ಟ. "ತಲೆ ನೆಟ್ಟಗಿದೆಯಾ ನಿಂಗೆ, ಕಸಿಲ್ದಾ? ಊರವ್ರು ನಮ್ಮನ್ನ ಸುಮ್ನೆ ಬಿಡ್ತಾರಾ?"

"ನಿಮ್ಮವ್ವ ಹಿಂಗೆ ಮಲಗಿದ್ರೆ?"

"ನಮ್ಮವ್ವ ಅಂಗಳ ದಾಟಿದವಳೇ ಅಲ್ಲ. ಊಟ ಮುಗಿಯೋದ್ರೊಳಗೆ ಹೆಜ್ಜೆ ಆಯ್ದು ಹೋಗ್ಬಿಟ್ಲು, ಪುಣ್ಯಾತ್ಗಿತ್ತಿ."

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಆಗಲೇ ಹೊರಗೆ ತರಗೆಲೆ ಸದ್ದಾಯಿತು. ನಾಯಿ ಎದ್ದು ನಿಂತಿತು. ಬೊಗಳಲಿಲ್ಲ, ಬಾಲ ಆಡಿಸಿತು. ನಡು ಮಧ್ಯಾಹ್ನದ ಬಿಸಿಲಲ್ಲಿ ಯಾರೂ ಇಲ್ಲದ ಹಿತ್ತಿಲಿನಿಂದ ಹೆಜ್ಜೆಗಳು ಮೇಲೆ ಹತ್ತಿದವು, ಒಂದು ಕಾಲು ಸ್ವಲ್ಪ ಎಳೆಯುತ್ತ, ಅವ್ವನ ಹಾಗೆ. ಬೇಲಿಯ ಹತ್ತಿರ ನಿಂತವು. ತಂತಿ ಝಣ್ ಎಂದಿತು. ಮತ್ತೆ ಇಳಿದು ಬಂದವು. ಒಳಗೆ ಮಂಚದ ಮೇಲೆ ಅವ್ವ ನರಳಿದಳು.

ಆರ್ಸೆನಿಯೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ತಾನೇ ಹೋಗಿ ಇಕ್ಕಳ ತಂದ. ತಂತಿ ಕತ್ತರಿಸಿ, ಕೋಲು ಹಿಡಿದು ಆ ಸಂದಿಯಲ್ಲಿ ನಿಂತ. "ದನ ಬಂದ್ರೆ ಬಾರಿಸ್ತೀನಿ. ನಿಮ್ಮವ್ವ ಬಂದ್ರೆ ಟೋಪಿ ತೆಗೀತೀನಿ. ಹೋಗು, ಅವಳಿಗೆ ದಾರಿ ತೋರಿಸು. ಹಿಂದೆ ಮಾತ್ರ ತಿರುಗಬೇಡ, ಕೇಡಾಗುತ್ತೆ."

ಒಳಗೆ ದಾರಿಯೇ ಇರಲಿಲ್ಲ. ಎಲ್ಲ ಜರೀಗಿಡ, ಪಾಚಿ, ಎದೆಮಟ್ಟದ ಸಸಿಗಳು. ಪೇಟೆಯವರ ನೀರು ಎಲೆ ಎಲೆಯಿಂದ ತೊಟ್ಟಿಕ್ಕುತ್ತಿತ್ತು. ನನಗೆ ಸಿಟ್ಟು ಬಂತು. ಕಾಡು ಬೆಳೆದು ಅವ್ವನ ಬದುಕನ್ನೇ ಅಳಿಸಿ ಹಾಕಿತ್ತಲ್ಲ! ನೆನಪಿನ ಮೇಲೆ ನಡೆದೆ. "ಇಲ್ಲಿ ದನಕ್ಕೆ ಉಪ್ಪು ಇಡ್ತಿದ್ದೆ, ಆಯ್ಕೋ ಅವ್ವಾ. ಇಲ್ಲಿ ನಂಗೆ ಜೋಳ ಬಿಡಿಸಿ ಕೊಡ್ತಿದ್ದೆ, ಆಯ್ಕೋ." ನಾನು ಹೇಳಿದಂತೆಲ್ಲ ಬೆನ್ನ ಹಿಂದೆ ಹೆಜ್ಜೆ ಬರುತ್ತಿತ್ತು. ಮೇಲಿನ ಒರತೆಯ ಹತ್ತಿರ ನಿಂತುಬಿಟ್ಟಿತು. ಮನೆಯ ಕಡೆ ಹೊರಟೆ. ಹೆಜ್ಜೆ ಹಿಂಬಾಲಿಸಲಿಲ್ಲ.

ಓಡಿ ಬಂದರೆ ಅವ್ವನಿಗೆ ಇನ್ನೂ ಜೀವವಿತ್ತು. ಕಣ್ಣು ತೆರೆದಿದ್ದಳು.

"ಒರತೆ ಮೇಲೆ... ಕಲ್ಲುಗಳ ಸುತ್ತು," ಎಂದಳು. "ನಿಂಗಿಂತ ಮುಂಚೆ ಒಂದಿತ್ತು ಕಣೇ. ದನ ಹುಡುಕೋಕೆ ಹೋಗಿ ಅಲ್ಲೇ ಹೆತ್ತೆ. ಒಂದೇ ಸಲ ಅತ್ತಿತು."

ತಲೆಗೆ ಜ್ಞಾನಸ್ನಾನದ ನೀರು ಬೀಳದೆ ಸತ್ತ ಕೂಸಿಗೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲ. ಅಲ್ಲೇ ಮಣ್ಣು ಮಾಡಿ, ಯಾರಿಗೂ ಹೇಳದೆ, ದನಗಳು ಅದರ ಮೇಲೆ ತುಳಿದಾಡುವುದನ್ನು ಅವ್ವ ಜೀವಮಾನವಿಡೀ ನೋಡಿದ್ದಳು. ಗಂಡಸರು ಇನ್ನೂ ಚೌಕಾಸಿ ಮಾಡುತ್ತಿದ್ದಾಗ ಪೇಟೆಯವರ ಕಾಗದಕ್ಕೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ಅವಳೇ. ಮುದುಕಿಗೆ ಜೇನಿನ ಆಸೆ ಎಂದು ನಾವೆಲ್ಲ ನಕ್ಕಿದ್ದೆವು.

"ನೀರು ಹಾಕು ಅದಕ್ಕೆ. ಹೆಸರು ಹಿಡಿದು ಕರಿ. ಬಿಟ್ಟು ಹೆಂಗೆ ಹೋಗ್ಲಿ ನಾನು?"

"ಏನು ಹೆಸರವ್ವಾ?"

ತುಟಿ ಅಲುಗಿತು. ದನಿ ಬರಲಿಲ್ಲ.

ಮತ್ತೆ ಹತ್ತಿದೆ. ಪಾಚಿ ಕೆದಕಿದರೆ ಅಂಗೈಯಗಲದ ಕಲ್ಲುಗಳು ಸುತ್ತಾಗಿ ಕೂತಿದ್ದವು. ಬೊಗಸೆಯಲ್ಲಿ ಒರತೆಯ ನೀರು ತುಂಬಿ ಕೂತೆ. ಒಂದು ಹೆಸರೂ ಬಾಯಿಗೆ ಬರಲೊಲ್ಲದು. ಸಂತರ ಹೆಸರು, ಅಜ್ಜಿಯರ ಹೆಸರು, ಯಾವುದೂ ಅದರದ್ದು ಅನಿಸಲಿಲ್ಲ. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು, ನಾನು ಅಳುತ್ತಿದ್ದೆ.

ಆಗ ಹಿಂದಿನಿಂದ ಅವ್ವ ಕರೆದಳು. ಮುದುಕಿಯ ದನಿಯಲ್ಲ, ಎಳೆ ಬಾಣಂತಿಯ ದನಿ. "ಕಸಿಲ್ದಾ."

"ಏನವ್ವಾ," ಎಂದು ಓಗೊಟ್ಟು ತಿರುಗಿಯೇಬಿಟ್ಟೆ.

ಯಾರೂ ಇರಲಿಲ್ಲ. ಕಲ್ಲುಗಳ ಕಡೆ ಮತ್ತೆ ನೋಡಿದಾಗ ತಿಳಿಯಿತು. ಅವ್ವ ಕರೆದದ್ದು ನನ್ನನ್ನಲ್ಲ, ನನ್ನ ಅಕ್ಕನನ್ನು.

ಅಂಗೈಯಲ್ಲಿ ಉಳಿದಿದ್ದ ನೀರನ್ನು ಕಲ್ಲುಗಳ ನಡುವೆ ಸುರಿದು ನನ್ನ ಹೆಸರು ಹೇಳಿದೆ. ಇಳಿಯುವಾಗ ಹಿಂದೆ ಬಂದ ಹೆಜ್ಜೆ ಭಾರವಾಗಿತ್ತು, ಸೊಂಟದ ಮೇಲೆ ಕೂಸು ಎತ್ತಿಕೊಂಡವಳ ನಡಿಗೆ. ಬೇಲಿಯ ಸಂದಿಯಲ್ಲಿ ಆರ್ಸೆನಿಯೊ ಟೋಪಿ ತೆಗೆದು ತಲೆ ತಗ್ಗಿಸಿದ. ಮನೆ ಸೇರುವ ಹೊತ್ತಿಗೆ ಅವ್ವ ಹೋಗಿದ್ದಳು. ಮುಖದಲ್ಲಿ ನೋವಿರಲಿಲ್ಲ.

ಆ ಸಂಜೆಯೇ ತಂತಿ ಬಿಗಿದೆವು. ತಿಂಗಳು ಕಳೆದು ಪೇಟೆಯಿಂದ ಬೇಲಿ ನೋಡಲು ಬಂದ ಯುವಕ ಗಂಟು ಹಿಡಿದು ಎಳೆದ. "ಇದೇನಕ್ಕಾ, ಕತ್ತರಿಸಿದ್ರಾ?"

"ನಮ್ಮವ್ವ ಹೋದ್ಲಪ್ಪ," ಎಂದೆ. ಅವನೂ ಈ ಬೆಟ್ಟದ ಮೊಮ್ಮಗನೇ. ಇನ್ನೊಂದು ಸುತ್ತು ತಂತಿ ಸುತ್ತಿ ಬಿಗಿದು ಇಳಿದುಹೋದ.

ಜೇನುಪೆಟ್ಟಿಗೆಗಳು ಉಳಿದವು, ಹೊಳೆಯೂ ತುಂಬಿ ಹರಿಯುತ್ತಿದೆ. ನಾನು ತಿರುಗಿ ನೋಡಿದ್ದಕ್ಕೂ ಕೆಟ್ಟದ್ದೇನೂ ಆಗಲಿಲ್ಲ. ನಲವತ್ತು ವರ್ಷ ಅವ್ವ ಆ ಹೆಸರು ಕೂಗಿದಾಗಲೆಲ್ಲ ನಾನು ಓಡಿಹೋಗಿ ಎದುರು ನಿಲ್ಲುತ್ತಿದ್ದೆ. ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಆಮೇಲೆ ಕೆಲಸ ಹೇಳುತ್ತಿದ್ದಳು. ಈಗ ಆರ್ಸೆನಿಯೊ ಹಿತ್ತಿಲಿನಿಂದ ನನ್ನನ್ನು ಕರೆದರೆ ನಾನು ತಟ್ಟನೆ ಓಗೊಡುವುದಿಲ್ಲ. ಅಕ್ಕ ಮೊದಲು ಓಗೊಡಲಿ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.