ಪುಸ್ತಕದ ಬೆನ್ನು

ಹಳೆಯ ಸರೇಸಿನ ಅಂಟು ಬಿಸಿನೀರಿಗೆ ನೆನೆದು ಸಡಿಲಾಯಿತು. ಪುಸ್ತಕದ ಬೆನ್ನು ಸಿಪ್ಪೆಯ ಹಾಗೆ ಅವಳ ಕೈಗೆ ಬಂತು. ಅದೇ ಹೊತ್ತಿಗೆ ಮಹಡಿಯ ಮೇಲೆ ಮಗಳು ನರಳಿದಳು. ಅವಳು ಕೈ ನಿಲ್ಲಿಸಿ ಕಿವಿಗೊಟ್ಟಳು. ನರಳಿಕೆ ನಿಂತಾಗ ಎದೆ ಧಸಕ್ಕೆಂದಿತು, ಮತ್ತೆ ಕೇಳಿಸಿದಾಗ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಹೀಗೇ ನಡೆದಿತ್ತು: ನರಳಿದರೂ ಭಯ, ಸುಮ್ಮನಿದ್ದರೂ ಭಯ.

ಮೇಜಿನ ಮೇಲಿದ್ದದ್ದು ಸಭೆಯ ಸತ್ಯವೇದ, ಹಳೆಯ ಕನ್ನಡ ಬೈಬಲ್. ಸಭೆಯೆಂದರೆ ದೊಡ್ಡದೇನಲ್ಲ, ಅಕ್ಕಪಕ್ಕದ ಬೀದಿಗಳ ಕೆಲವು ಮನೆಗಳವರು ಭಾನುವಾರ ಇವರ ಮನೆಯ ಹಜಾರದಲ್ಲಿ ಸೇರುತ್ತಿದ್ದರು. ಅದರ ಹಿರಿಯರು ಅವಳ ಭಾವ, ಎಂದರೆ ಗಂಡನ ಅಣ್ಣ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರು. ಭಾವ, ಗಂಡ, ಅವರಿಬ್ಬರ ತಾಯಿ, ಅವಳು, ಮಗಳು, ಎಲ್ಲರಿಗೂ ಒಂದೇ ಮನೆ. ಕೆಳಗಿನ ಮುಂಗೋಣೆಯಲ್ಲಿ ಅವಳ ಬೈಂಡಿಂಗ್ ಕೆಲಸ. ಸತ್ಯವೇದದ ರಟ್ಟು ಕಳಚಿಕೊಂಡಿದೆಯೆಂದು ಭಾವ ಅದನ್ನು ಕೊಟ್ಟು, “ಹುಷಾರಮ್ಮ, ಇದು ಶಾಲೆ ಮಕ್ಕಳ ಗೈಡಲ್ಲ” ಎಂದು ನಗುತ್ತ ಹೋಗಿದ್ದರು. ಈ ಸಂಜೆ ಅದು ಅವರಿಗೆ ಬೇಕಿತ್ತು. ಮಗಳಿಗಾಗಿಯೇ ಬೇಕಿತ್ತು.

ಕಾಯಿಲೆಯಾಗಲಿ, ಮದುವೆಯಾಗಲಿ, ದೊಡ್ಡ ವಿಷಯ ಯಾವುದು ಬಂದರೂ ಸಭೆಯವರು ಪುಸ್ತಕವನ್ನು ನಿಲ್ಲಿಸುತ್ತಿದ್ದರು. ಹಾಗೇ ಅನ್ನುತ್ತಿದ್ದರು ಅದಕ್ಕೆ, ನಿಲ್ಲಿಸುವುದು ಎಂದು. ಹಿರಿಯರು ಪ್ರಾರ್ಥನೆ ಮಾಡಿ, ಸತ್ಯವೇದವನ್ನು ಮೇಜಿನ ಮೇಲೆ ಬೆನ್ನೂರಿ ನಿಲ್ಲಿಸಿ, ಎರಡೂ ಕೈ ಬಿಡಬೇಕು. ಅದು ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೋ ಆ ಪುಟದಲ್ಲಿ ದೇವರ ಉತ್ತರ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದೆ ಅವಳು ಕೊರಗುತ್ತಿದ್ದಾಗ, ಆಗಿನ್ನೂ ಬದುಕಿದ್ದ ಮಾವನವರು ಪುಸ್ತಕ ನಿಲ್ಲಿಸಿದ್ದರು. ಅದು ಹನ್ನಳ ಪುಟಕ್ಕೆ ತೆರೆದುಕೊಂಡಿತ್ತು, ಅತ್ತು ಬೇಡಿ ಮಗುವನ್ನು ಪಡೆದ ತಾಯಿಯ ಪುಟಕ್ಕೆ. ಮರುವರ್ಷ ಮಗಳು ಹುಟ್ಟಿದಳು. ಆ ಪುಸ್ತಕವನ್ನು ಅನುಮಾನಿಸುವುದೆಂದರೆ ಅವಳಿಗೆ ಮಗಳನ್ನೇ ಅನುಮಾನಿಸಿದ ಹಾಗೆ.

ಆದರೆ ಮಾವನವರು ತೀರಿಕೊಂಡು ಭಾವ ಹಿರಿಯರಾದ ಮೇಲೆ, ಕಾಯಿಲೆಯ ಮಾತು ಬಂದಾಗಲೆಲ್ಲ ಪುಸ್ತಕ ಒಂದೇ ಕಡೆ ತೆರೆದುಕೊಳ್ಳುತ್ತಿತ್ತು: ಆಸ ಎಂಬ ಅರಸನ ಕತೆಗೆ. ಅವನಿಗೆ ಪಾದಗಳಲ್ಲಿ ರೋಗ ಬಂದಿತ್ತು. ಅವನು ದೇವರನ್ನು ಹುಡುಕದೆ ವೈದ್ಯರನ್ನು ಹುಡುಕಿದ, ಸತ್ತ. ಇದಕ್ಕಿಂತ ಸ್ಪಷ್ಟವಾಗಿ ದೇವರು ಇನ್ನು ಹೇಗೆ ಹೇಳಬೇಕು ಎಂದು ಭಾವ ಕೇಳುತ್ತಿದ್ದರು. ಹೋದ ವರ್ಷ ದರ್ಜಿಯ ಹೆಂಡತಿಗೆ ಜ್ವರ ಬಂದಾಗಲೂ ಅದೇ ಪುಟ ತೆರೆಯಿತು. ದರ್ಜಿ ಅವಳನ್ನು ಆಸ್ಪತ್ರೆಗೆ ಸೇರಿಸಲಿಲ್ಲ. ಅವಳ ಶವಪೆಟ್ಟಿಗೆಯ ಒಳಬಟ್ಟೆಯನ್ನು ಅವನೇ ಹೊಲಿದ.

ಅವಳು ಒಮ್ಮೆ ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಿದ್ದುಂಟು. ಅರಸ ಆಸನ ತಪ್ಪು ವೈದ್ಯರ ಹತ್ತಿರ ಹೋದದ್ದೋ, ದೇವರನ್ನು ಮರೆತದ್ದೋ? ಎರಡನ್ನೂ ಒಟ್ಟಿಗೆ ಮಾಡಬಾರದು ಅಂತ ಎಲ್ಲಿದೆ? ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದನಲ್ಲ? ಭಾವ ತುತ್ತು ನುಂಗಿ, ಲೂಕ ಬರೆಯೋಕೆ ಕೂತ ಮೇಲೆ ಯಾರಿಗೂ ಮಾತ್ರೆ ಕೊಟ್ಟ ಸುದ್ದಿ ಇಲ್ಲವಲ್ಲ ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ.

ಈ ಬೆಳಿಗ್ಗೆ ಮಾತ್ರ ನಗು ಬರುವಂತಿರಲಿಲ್ಲ. ರಾತ್ರಿ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಗಾಗುವಷ್ಟರಲ್ಲಿ ಮಗಳ ಹೊಟ್ಟೆಯ ಬಲಕ್ಕೆ ಇಳಿದಿತ್ತು. ಕಾಲು ನೀಡಲಾಗದೆ ಮುದುಡಿಕೊಂಡಿದ್ದಳು, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಭಾವ ಅಂಗಡಿಗೆ ಹೋದದ್ದೇ ತಡ, ಅವಳು ಮಗಳನ್ನು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಿ, ಅಪೆಂಡಿಕ್ಸ್ ತೆಗೆಯಬೇಕು ಎಂದರು. ಹೊರಡುವಾಗ ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದರು: “ನೋವು ಇದ್ದಕ್ಕಿದ್ದ ಹಾಗೆ ಹೋಯ್ತು ಅಂದರೆ ಖುಷಿಪಡಬೇಡಿ. ಒಳಗೆ ಒಡೆದಿರುತ್ತೆ. ಆಗ ಇರೋ ಬರೋದೆಲ್ಲ ಬಿಟ್ಟು ಓಡಿ.”

ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ. ಮಕ್ಕಳನ್ನಿಳಿಸಿ ಬಂದವನು ಸುದ್ದಿ ಕೇಳಿ ಬಿಳಿಚಿಕೊಂಡ. ಆದರೂ ಅಣ್ಣ ಬರಲಿ, ಒಂದು ಸಲ ನಿಲ್ಲಿಸಿಬಿಡಲಿ ಎಂದ. ಅವಳು ವಾದಿಸಲಿಲ್ಲ. ಅವನಿಗಿದ್ದ ಭಯವೇ ಅವಳಿಗೂ ಇತ್ತು: ಕೇಳದೆ ಹೋಗಿ, ಕತ್ತರಿಯಡಿ ಮಗುವಿಗೇನಾದರೂ ಆದರೆ? ದೇವರು ಕೊಟ್ಟ ಮಗು. ಕೇಳಿ ಪಡೆದದ್ದನ್ನು ಕೇಳದೆ ಎತ್ತಿಕೊಂಡು ಹೋಗುವುದು ಹೇಗೆ?

ಹಾಗೆಂದುಕೊಂಡೇ ಅವಳು ಮತ್ತೆ ಕೆಲಸಕ್ಕೆ ಕೂತದ್ದು. ಬೆನ್ನು ಬಿಚ್ಚಿದ ಪುಸ್ತಕ ಸೀಳಿದ ಮೀನಿನ ಹಾಗೆ ಒಳಗನ್ನೆಲ್ಲ ತೋರಿಸುತ್ತಿತ್ತು. ಹನ್ನಳ ಪುಟದ ಮಡಿಕೆ ಬಂದಾಗ ಅವಳು ಅತ್ತ ನೋಡದೆ ಬೆರಳು ದಾಟಿಸಿದಳು. ಆಸನ ಪುಟದ ಹತ್ತಿರ ಬೆರಳು ತಾನಾಗಿ ನಿಂತಿತು. ಅಲ್ಲಿ ಸರೇಸು ಉದ್ದಕ್ಕೂ ಸೀಳಿತ್ತು, ಹೊಲಿಗೆಯ ದಾರ ಹರಿದಿತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಕಾಗದದಲ್ಲಿ ಎರಡು ದುಂಡನೆಯ ತಗ್ಗುಗಳು, ನಡುವೆ ಸಣ್ಣ ಕಮಾನಿನ ಗೀರು.

ಕನ್ನಡಕ. ಭಾವ ಓದುತ್ತ ಓದುತ್ತ ಕನ್ನಡಕ ತೆಗೆದು ಪುಟದ ನಡುವೆಯೇ ಇಟ್ಟು ಪುಸ್ತಕ ಮುಚ್ಚಿಬಿಡುತ್ತಿದ್ದರು. ದಿನವಿಡೀ ಕನ್ನಡಕ ಮಾರುವವರು ತಮ್ಮದಕ್ಕೊಂದು ಡಬ್ಬಿ ಇಟ್ಟುಕೊಳ್ಳುವುದಿಲ್ಲ ಎಂದು ಅತ್ತೆ ಗೊಣಗುವುದಿತ್ತು. ಮಾವನವರು ತೀರಿಕೊಂಡ ವರ್ಷವಿಡೀ ಭಾವ ಈ ಒಂದು ಪುಟ ಬಿಟ್ಟು ಏಳುತ್ತಿರಲಿಲ್ಲ. ಮಾವನವರಿಗೂ ಕಾಲಿನ ಹುಣ್ಣೇ. ಆಸ್ಪತ್ರೆಯಲ್ಲಿ ಕಾಲು ತೆಗೆದರು. ಮೂರನೆಯ ದಿನ ಹೋಗಿಬಿಟ್ಟರು. ಕನ್ನಡಕ ಸಿಕ್ಕಿಸಿ ಸಿಕ್ಕಿಸಿ ಪುಸ್ತಕದ ಬೆನ್ನು ಅಲ್ಲೇ ಮುರಿದಿತ್ತು. ಮುರಿದ ಕಡೆ ತೆರೆದುಕೊಳ್ಳುವುದು ಪುಸ್ತಕದ ಗುಣ. ಹಾಗಾದರೆ ದರ್ಜಿಯ ಹೆಂಡತಿ?

ಮೇಲಿನಿಂದ ಅಮ್ಮಾ ಎಂದು ಕೂಗಿದ್ದು ಕೇಳಿಸಿತು. ಮೇಲೆ ಹೋದರೆ ಅತ್ತೆ ಮೊಮ್ಮಗಳ ಪಾದ ನೀವುತ್ತಿದ್ದರು. ಮಗಳ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಇಳಿದು ಬಂದಾಗ ಅವಳು ತೀರ್ಮಾನ ಮಾಡಿಯಾಗಿತ್ತು. ತೀರ್ಮಾನ ಎನ್ನುವುದಕ್ಕಿಂತ, ಭಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿತ್ತು.

ಹೊಸ ದಾರ ಹಾಕಿ ಹೊಲಿದಳು. ಬೆನ್ನಿಗೆ ಗೋಂದು ಸವರಿ ಬಟ್ಟೆ ಕೂರಿಸಿದಳು. ಗೋಂದು ಇನ್ನೂ ಹಸಿಯಾಗಿರುವಾಗಲೇ ಪುಸ್ತಕವನ್ನು ಮತ್ತಾಯನ ಸುವಾರ್ತೆಗೆ ಬಿಡಿಸಿದಳು. ಆರೋಗ್ಯವಂತರಿಗೆ ವೈದ್ಯ ಬೇಕಿಲ್ಲ, ರೋಗಿಗಳಿಗೆ ಬೇಕು ಎಂದು ಯೇಸು ಹೇಳುವ ಪುಟ. ಕಾಗದ ಮಡಿಸುವ ಮೂಳೆಯ ಪಟ್ಟಿಯಿಂದ ನಡುವಿನ ಮಡಿಕೆಯನ್ನು ಮೇಲಿಂದ ಕೆಳಗೆ ಬಲವಾಗಿ ಉಜ್ಜಿದಳು, ಮೇಲೆ ಕಬ್ಬಿಣದ ತೂಕ ಹೇರಿದಳು. ಇದು ನಿನ್ನದೇ ಮಾತು, ನಾನೇನೂ ಸೇರಿಸಿಲ್ಲ ಎಂದು ಪ್ರಾರ್ಥಿಸಿದಳು. ದೇವರ ಮನೆಗೆ ಕನ್ನ ಹಾಕಿ, ಕದ್ದದ್ದನ್ನು ದೇವರ ಕೈಗೇ ಕೊಟ್ಟು ನಿಂತ ಹಾಗಿತ್ತು.

ಸಂಜೆ ಭಾವ ಬಂದರು. ಕೈಕಾಲು ತೊಳೆದು, ಮಹಡಿಗೆ ಹೋಗಿ, ಮಗುವಿನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಸತ್ಯವೇದ ಇಟ್ಟರು. ಹೊಸ ಬೆನ್ನನ್ನು ಸವರಿ ತಲೆದೂಗಿದರು. ಪ್ರಾರ್ಥಿಸುವಾಗ ಅವರ ದನಿ ನಡುಗಿತು. ಮಗಳನ್ನು ಎತ್ತಿ ಆಡಿಸಿದವರು ಅವರು. ಪುಸ್ತಕ ನಿಲ್ಲಿಸಿ ಕೈ ಬಿಟ್ಟರು.

ಅದು ಅವಳು ಹೇಳಿಕೊಟ್ಟ ಪಾಠ ಒಪ್ಪಿಸುವ ಮಗುವಿನ ಹಾಗೆ ಮತ್ತಾಯನಿಗೆ ತೆರೆದುಕೊಂಡಿತು.

ಭಾವ ಬಗ್ಗಿ ಓದಿದರು. ಮತ್ತೆ ಓದಿದರು. ಕಣ್ಣು ತುಂಬಿ ಬಂತು. ಅವಳು ಮಗಳ ಹೊದಿಕೆ ಸುತ್ತಲು ಕೈ ಹಾಕಿದಳು.

“ಕರ್ತನಿಗೆ ಸ್ತೋತ್ರ” ಎಂದರು ಭಾವ. “ರೋಗಿಗೆ ವೈದ್ಯ ಬೇಕು ಅಂತ ಹೇಳಿದ್ದಾನೆ. ಆ ವೈದ್ಯ ಯಾರು? ತಾನೇ ಅಂತಾನೆ. ನಾನು ಬಂದಿದ್ದೀನಿ, ಇನ್ಯಾರನ್ನ ಹುಡುಕ್ತೀರಿ ಅಂತಾನೆ. ಇದಕ್ಕಿಂತ ಇನ್ನೇನು ಬೇಕು ತಮ್ಮಾ?”

ಗಂಡ ಅಳುತ್ತ ಮಂಡಿಯೂರಿದ. ಹೊದಿಕೆ ಅವಳ ಕೈಯಲ್ಲೇ ಉಳಿಯಿತು. ಪುಟ ಯಾವುದಾದರೇನು, ಓದುವವರು ಅದೇ ಭಾವ ಎನ್ನುವುದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಭಾವ ಮಗಳ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ನರಳಿಕೆ ಸಣ್ಣದಾಯಿತು. ನಿಂತಿತು. ಮಗಳು ಕಣ್ಣು ಬಿಟ್ಟು, ಮುದುಡಿದ್ದ ಕಾಲನ್ನು ನಿಧಾನವಾಗಿ ನೀಡಿದಳು.

“ಅಮ್ಮ, ನೋವು ಹೋಯ್ತು.”

ಗಂಡ ಗಟ್ಟಿಯಾಗಿ ಸ್ತೋತ್ರ ಹೇಳಿದ. ಭಾವ ಬಾಗಿಲ ಬಳಿಯ ಕುರ್ಚಿಯ ಮೇಲೆ ಕುಸಿದು ಕೂತರು, ಮುಖದಲ್ಲಿ ಎಳೆ ಹುಡುಗನ ಬೆರಗು. ಆ ಕೋಣೆಯಲ್ಲಿ ಹೆದರಿದ್ದವಳು ಅವಳೊಬ್ಬಳೇ. ಡಾಕ್ಟರಮ್ಮನ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

“ರೀ, ವ್ಯಾನ್ ತೆಗೀರಿ” ಎಂದಳು. ಗಂಡ ಅರ್ಥವಾಗದವನಂತೆ ನೋಡಿದ. “ಒಳಗೆ ಒಡೆದಿದೆ. ಅದಕ್ಕೇ ನೋವು ನಿಂತಿದ್ದು. ಹೀಗಾದರೆ ಓಡಿ ಅಂತ ಡಾಕ್ಟರು ಬೆಳಿಗ್ಗೇನೇ ಹೇಳಿದ್ದರು.”

ಗುಣವಾದದ್ದು ಕಣ್ಣೆದುರಿಗಿರುವಾಗ ಅಪನಂಬಿಕೆಯ ಮಾತು ಆಡಬಾರದು ಎಂದು ಭಾವ ಮೃದುವಾಗಿಯೇ ಹೇಳಿದರು. ಪುಸ್ತಕವೇ ಹೇಳಿತಲ್ಲ ಎಂದರು.

“ಪುಸ್ತಕ ಹೇಳಲಿಲ್ಲ ಭಾವ. ನಾನು ಹೇಳಿಸಿದೆ.” ಅವಳು ಮೇಜಿನ ಮೇಲಿನ ಪುಸ್ತಕ ಮುಚ್ಚಿದಳು. “ಗೋಂದು ಹಸಿ ಇರುವಾಗ ಆ ಪುಟಕ್ಕೆ ಒತ್ತಿಟ್ಟೆ. ಇನ್ನೊಂದು ಸಲ ನಿಲ್ಲಿಸಿ ನೋಡಿ.”

ಯಾರೂ ಅಲುಗಲಿಲ್ಲ. ಅವಳೇ ನಿಲ್ಲಿಸಿ ಕೈ ಬಿಟ್ಟಳು. ಮತ್ತಾಯ. ಮತ್ತೆ ನಿಲ್ಲಿಸಿದಳು. ಮತ್ತಾಯ. ಭಾವನ ಮುಖದ ಬಣ್ಣ ಇಳಿಯಿತು.

“ದೇವರ ಕೈ ತಿರುಚಿದೆಯಾ?” ಎಂದರು, ಅಷ್ಟು ಮೆಲ್ಲಗೆ ಅವರು ಯಾವತ್ತೂ ಮಾತಾಡಿರಲಿಲ್ಲ.

ಅವಳು ಆಸನ ಪುಟ ತೆರೆದು ದೀಪದ ಕೆಳಗೆ ಓರೆಯಾಗಿ ಹಿಡಿದಳು. ಎರಡು ತಗ್ಗು, ನಡುವೆ ಕಮಾನು. ಭಾವನ ಕೈ ತಾನಾಗಿ ಮೂಗಿನ ಮೇಲಿನ ಕನ್ನಡಕಕ್ಕೆ ಹೋಯಿತು. ಅದನ್ನು ತೆಗೆದರು. ತಗ್ಗುಗಳ ಮೇಲೆ ಇಡಲು ಹೋಗಿ, ಇಡದೆ ಕೈ ತಡೆದರು. ಇಡಬೇಕಾಗಿರಲಿಲ್ಲ.

ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಿದ್ದ ಅತ್ತೆ ಮೊಮ್ಮಗಳ ಪಾದದಿಂದ ಕೈ ತೆಗೆದರು. “ನಿಮ್ಮಪ್ಪನ್ನ ಆಸ್ಪತ್ರೆ ಕೊಂದಿತು ಅಂತ ನೀನು ಎಲ್ಲರಿಗೂ ಹೇಳ್ಕೊಂಡು ಬಂದೆ” ಎಂದರು ದೊಡ್ಡ ಮಗನಿಗೆ. “ನಾನು ಸುಮ್ಮನಿದ್ದೆ. ನಾವು ಅವರನ್ನ ಕರ್ಕೊಂಡು ಹೋಗುವಾಗ ಕಾಲು ಮಂಡಿತನಕ ಕಪ್ಪಾಗಿತ್ತು ಕಣೋ. ಇನ್ನೊಂದು ವಾರ ಪ್ರಾರ್ಥನೆ ಮಾಡೋಣ ಅಂದಿದ್ದು ಯಾರು?”

ಅವಳು ಮಗಳನ್ನು ಎತ್ತಿಕೊಂಡಳು. ಮೈ ಕಾದ ಹೆಂಚಿನಂತಿತ್ತು, ತುಟಿಗೆ ಮಾತ್ರ ಬಣ್ಣವಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಭಾವ ಕೂತಿದ್ದರು. ಅವರು ಏಳದಿದ್ದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಅವರು ಎದ್ದರು. ಕುರ್ಚಿ ಎಳೆದು ಪಕ್ಕಕ್ಕಿಟ್ಟರು. ಆಮೇಲೆ ಇನ್ನೂ ಮಂಡಿಯೂರಿಯೇ ಇದ್ದ ತಮ್ಮನ ಭುಜ ಹಿಡಿದು ಎಬ್ಬಿಸಿ, “ವ್ಯಾನ್ ತೆಗಿ” ಎಂದರು.

ಆಪರೇಷನ್ ಕೋಣೆಯ ಹೊರಗೆ ಉದ್ದನೆಯ ಬೆಂಚಿತ್ತು. ಗಂಡ ಬಾಗಿಲಿಗೆ ಹಣೆ ತಾಗಿಸಿ ನಿಂತಿದ್ದ. ಅವಳು ಪ್ರಾರ್ಥಿಸಿದಳು, ಆದರೆ ಯಾವ ವಚನವೂ ನೆನಪಿಗೆ ಬರಲಿಲ್ಲ. ಉಳಿಸು, ಉಳಿಸು ಎಂಬ ಒಂದೇ ಮಾತು. ನಾನು ನಿನಗೆ ಮೋಸ ಮಾಡಿದೆ, ಲೆಕ್ಕ ನನ್ನ ಜೊತೆ ಇಟ್ಟುಕೋ, ಅವಳ ಜೊತೆ ಬೇಡ. ಆತ ಹಾಗೆ ಲೆಕ್ಕ ತೀರಿಸುವವನೋ ಅಲ್ಲವೋ ಅವಳಿಗೆ ಈಗ ಗೊತ್ತಿರಲಿಲ್ಲ. ಮೊದಲು ಗೊತ್ತಿತ್ತು ಅಂದುಕೊಂಡಿದ್ದಳು.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಒಡೆದಿತ್ತು, ತೆಗೆದು ತೊಳೆದಿದ್ದೇವೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಬಹುಶಃ ಉಳಿಯುತ್ತಾಳೆ. ನಂಜು ಏರದಿದ್ದರೆ. ಬೆಳಗಿನವರೆಗೆ ನೋಡಬೇಕು.

ಗಂಡ ಫೋನಿನಲ್ಲಿ ತಾಯಿಗೆ ಹೇಳಲು ಹೋದ. ಬೆಂಚಿನ ಆ ತುದಿಯಲ್ಲಿ ಭಾವ ಕನ್ನಡಕವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಹೆದರಿದ ಹಾಗೆ ಕಂಡಿತು. ದರ್ಜಿಯ ಮನೆಗೆ ಹೋಗಬೇಕು ಎಂದರು. ಏನು ಹೇಳಬೇಕೋ ತಿಳಿಯುತ್ತಿಲ್ಲ ಎಂದರು. ಆಮೇಲೆ ಅವಳತ್ತ ನೋಡದೆ ಕೇಳಿದರು:

“ಇವಳು ಹುಟ್ಟೋಕೆ ಮುಂಚೆ ಅಪ್ಪ ನಿಲ್ಲಿಸಿದಾಗ ಹನ್ನಳ ಪುಟ ಬಂದಿತ್ತಲ್ಲ. ಅಲ್ಲೂ ಬೆನ್ನು ಮುರಿದಿತ್ತಾ?”

ಇಡೀ ದಿನ ಅವಳು ಓಡಿ ತಪ್ಪಿಸಿಕೊಂಡು ಬಂದದ್ದು ಇದೇ ಪ್ರಶ್ನೆಯಿಂದ. ಅವಳು ಮುಚ್ಚಿದ ಬಾಗಿಲನ್ನು ನೋಡಿದಳು. ಆಚೆ ಯಾವುದೋ ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು.

“ನೋಡಲಿಲ್ಲ ಭಾವ. ಧೈರ್ಯ ಬರಲಿಲ್ಲ.”

“ಆಮೇಲೆ ನೋಡ್ತೀಯಾ?”

“ಮುರಿದಿದ್ದರೂ ಇವಳು ಇದ್ದಾಳಲ್ಲ” ಎಂದಳು. ಹೇಳಿದ ಮೇಲೆ ಆ ಮಾತೂ ಬೆಳಗಿನವರೆಗೆ ಕಾಯಬೇಕಾದದ್ದೇ ಎಂದು ಹೊಳೆಯಿತು. “ಇವಳನ್ನ ಮನೆಗೆ ಕರ್ಕೊಂಡು ಹೋದ ಮೇಲೆ ನೋಡೋಣ. ನೀವೂ ಬನ್ನಿ. ಒಬ್ಬಳೇ ನೋಡಲಾರೆ.”

ಭಾವ ತಲೆಯಾಡಿಸಿದರು. ಕನ್ನಡಕವನ್ನು ಇಡುವುದಕ್ಕೆ ಜಾಗ ಹುಡುಕುವವರಂತೆ ಅತ್ತಿತ್ತ ನೋಡಿ, ಕೊನೆಗೆ ಅದನ್ನು ಮೂಗಿಗೇ ಏರಿಸಿಕೊಂಡು, ಅವಳ ಜೊತೆ ಬಾಗಿಲು ನೋಡುತ್ತ ಕೂತರು.