ಸನಾವುಲ್ಲಾ ಸಾಬರ ಗ್ಯಾಲರಿ

ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಮದುವೆ ಮೆರವಣಿಗೆಗಳ ಮುಂದೆ ಟ್ರಂಪೆಟ್ ಊದಿದ ಸನಾವುಲ್ಲಾ ಸಾಬರಿಗೆ ಫುಟ್‌ಬಾಲ್ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಚೆಂಡನ್ನು ಕಾಲಲ್ಲಿ ಒದೆಯುತ್ತಾರೆ, ಕೈಯಲ್ಲಿ ಮುಟ್ಟಬಾರದು, ತಮ್ಮ ಮೊಮ್ಮಗಳು ಫರ್ಹಾ ಮಾತ್ರ ಮುಟ್ಟಬಹುದು, ಯಾಕೆಂದರೆ ಅವಳು ಗೋಲ್‌ಕೀಪರ್. ಇಷ್ಟೇ.

ಫರ್ಹಾ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ದೈಹಿಕ ಶಿಕ್ಷಣದ ಮೇಷ್ಟ್ರು ಚಲಪತಿ ತಾಲ್ಲೂಕಿನ ಹೆಣ್ಣುಮಕ್ಕಳನ್ನು ಹುಡುಕಿ ಹುಡುಕಿ ಕಟ್ಟಿದ ತಂಡ ಆ ವರ್ಷ ಮೊದಲ ಸಲ ಲೀಗ್‌ನಲ್ಲಿ ಆಡುತ್ತಿತ್ತು. ಊರಿನ ಕ್ರೀಡಾಂಗಣದಲ್ಲಿ ಮೊದಲ ಮ್ಯಾಚು ಮುಗಿಸಿ ಬಂದ ಮೊಮ್ಮಗಳನ್ನು ಅಜ್ಜ ಕೇಳಿದರು.

"ನೋಡೋಕೆ ಎಷ್ಟ್ ಜನ ಬಂದಿದ್ರಮ್ಮಾ?"

"ಹನ್ನೊಂದು ಜನ ದಾದಾ. ಅದ್ರಲ್ಲಿ ಇಬ್ರು ವಾಕಿಂಗ್ ಬಂದೋರು."

ಫರ್ಹಾ ನಗುತ್ತಲೇ ಹೇಳಿದಳು. ಆದರೆ ಸಾಬರಿಗೆ ನಗು ಬರಲಿಲ್ಲ. ಜನರಿಲ್ಲದ ಬೀದಿಯಲ್ಲಿ ಊದುವುದು ಎಂಥ ಕೆಲಸವೆಂದು ಅವರಿಗೆ ಗೊತ್ತಿತ್ತು. ಡಿಜೆಗಳು ಬಂದ ಮೇಲೆ ಅವರ ಬ್ಯಾಂಡಿನ ಕಡೆಯ ಎರಡು ವರ್ಷ ಹಾಗೆಯೇ ಕಳೆದಿದ್ದವು. ಆಮೇಲೆ ಬ್ಯಾಂಡು ಮುಚ್ಚಿತು. ಹಳೆಯ ಲುಂಗಿಯಲ್ಲಿ ಸುತ್ತಿದ ಟ್ರಂಪೆಟ್ ಬೀರುವಿನ ಮೇಲೆ ಐದು ವರ್ಷದಿಂದ ಮಲಗಿತ್ತು.

ಮುಂದಿನ ಭಾನುವಾರ ಅವರು ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಬ್ಯಾಂಡಿನ ಕೆಂಪು ಕೋಟು ತೊಟ್ಟು ಹೊರಟರು. ಹೆಂಡತಿ ಶಂಶುನ್ನೀಸಾ ಬಾಗಿಲಲ್ಲಿ ನಿಂತು ನೋಡಿದರು.

"ಅಜೀ, ಅಲ್ಲಿ ಯಾರ್ದಾದ್ರೂ ಶಾದಿನಾ?"

"ನಮ್ ಹುಡ್ಗೀದೇ ಅಂದ್ಕೋ," ಎಂದು ಸಾಬರು ಹೊರಟೇಬಿಟ್ಟರು.

ಕ್ರೀಡಾಂಗಣದ ಸಿಮೆಂಟು ಮೆಟ್ಟಿಲ ಮೇಲೆ ನಿಂತು ಅವರು ಊದಿದಾಗ ಹೊರಗಿನ ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ಒಳಗೆ ಇಣುಕಿದರು. ಎಳನೀರು ಮಾರುವವನು ಗಾಡಿ ಬಿಟ್ಟು ಬಂದ. ಅರ್ಧ ಗಂಟೆಯಲ್ಲಿ ಅರವತ್ತು ಜನ ಸೇರಿದರು. ಸಾಬರ ಉಸಿರು ಇನ್ನೂ ಗಟ್ಟಿಯಾಗಿತ್ತು. ಮೆರವಣಿಗೆಯಲ್ಲಿ ಬ್ಯಾಂಡು ನಿಂತರೆ ಮದುಮಗನ ಗೆಳೆಯರು ಜಗಳಕ್ಕೆ ಬರುತ್ತಾರೆ. ಆ ಅಭ್ಯಾಸದಲ್ಲಿ ಅವರು ಒಂದು ಕ್ಷಣವೂ ನಿಲ್ಲಿಸದೆ ಊದಿದರು. ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಎದುರಾಳಿಗಳ ಹುಡುಗಿಯೊಬ್ಬಳು ಎಡಬದಿಯಿಂದ ಚೆಂಡು ತಂದಳು. ಫರ್ಹಾ ಏನೋ ಕೂಗುತ್ತ ಕೈ ಬೀಸಿದ್ದು ಕಂಡಿತು. ರಕ್ಷಣೆಗೆ ನಿಂತಿದ್ದ ಮೋನಿಷಾ ತಿರುಗಿ ನೋಡಲಿಲ್ಲ. ಅವಳ ಬೆನ್ನ ಹಿಂದಿನಿಂದ ಇನ್ನೊಬ್ಬಳು ನುಗ್ಗಿ ಗೋಲು ಹೊಡೆದಳು. ತಂಡ ಆ ಒಂದು ಗೋಲಿನಲ್ಲೇ ಸೋತಿತು.

ಮ್ಯಾಚಿನ ನಂತರ ಫರ್ಹಾ ಗ್ಲೌಸು ಬಿಚ್ಚುತ್ತ ಕೂತಿದ್ದಳು. ಅಜ್ಜ ಪಕ್ಕದಲ್ಲಿ ಬಂದು ಕೂತರು.

"ದಾದಾ, ನೀವು ಊದಿದ್ದು ತುಂಬಾ ಚೆನ್ನಾಗಿತ್ತು," ಎಂದಳು. ಇನ್ನೊಂದು ಗ್ಲೌಸು ಎಳೆಯುತ್ತ, "ಆದ್ರೆ ನಾನು ಕೂಗಿದ್ದು ಮೋನಿಷಾಗೆ ಕೇಳಿಸ್ಲಿಲ್ಲ," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಸಾಬರಿಗೆ ಹೆಚ್ಚು ತಾಕಿತು. ಆ ಗೋಲು ಹೋದದ್ದು ತಮ್ಮಿಂದ ಎಂದು ಅವರಿಗೆ ಗೊತ್ತಾಯಿತು.

ಬೇರೆ ಯಾರಾದರೂ ಆಗಿದ್ದರೆ ಟ್ರಂಪೆಟ್ಟನ್ನು ಮತ್ತೆ ಲುಂಗಿಯಲ್ಲಿ ಸುತ್ತಿಡುತ್ತಿದ್ದರು. ಸಾಬರು ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗಿ ಚಲಪತಿ ಮೇಷ್ಟ್ರ ಮುಂದೆ ನಿಂತರು.

"ಮೇಷ್ಟ್ರೇ, ನಂಗೆ ಈ ಆಟ ಕಲಿಸ್ಕೊಡಿ."

ಮೇಷ್ಟ್ರು ತಮಾಷೆಯೆಂದುಕೊಂಡು ನಕ್ಕರು. "ಏನ್ ಸಾಬ್ರೇ, ಫಾರ್ವರ್ಡಾ, ಡಿಫೆಂಡರ್ರಾ?"

"ಆಡೋಕಲ್ಲ. ಅರವತ್ತೆಂಟಾಯ್ತು ನಂಗೆ. ಎಲ್ಲಿ ಊದ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ತಿಳ್ಕೋಬೇಕು."

ಮೇಷ್ಟ್ರು ನಗುವುದನ್ನು ಬಿಟ್ಟು ತಮ್ಮ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು.

ಮೂರು ವಾರ ಸಾಬರು ಬರಿಗೈಯಲ್ಲಿ ಆ ಕುರ್ಚಿಯ ಮೇಲೆ ಕೂತು ಅಭ್ಯಾಸ ನೋಡಿದರು. ಆಫ್‌ಸೈಡ್ ಎಂಬ ನಿಯಮ ಅರ್ಥವಾಗಲು ಒಂಬತ್ತು ದಿನ ಹಿಡಿಯಿತು. ಗೋಲ್‌ಕೀಪರಿಗೆ ಇಡೀ ಮೈದಾನ ಕಾಣುತ್ತದೆ, ಉಳಿದವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ, ಹಾಗಾಗಿ ಅವಳ ಕೂಗೇ ಅವರಿಗೆ ಕಣ್ಣು ಎಂಬುದು ಮಾತ್ರ ಮೊದಲ ದಿನವೇ ಅರ್ಥವಾಗಿತ್ತು. ನಮ್ಮವರು ಚೆಂಡು ತೆಗೆದುಕೊಂಡು ಹೋಗುವಾಗ ಕಾಲಿಗೆ ವೇಗ ಕೊಡುವಂತೆ ಊದಬೇಕು. ಯಾರಾದರೂ ಬಿದ್ದರೆ ಏಳುವವರೆಗೆ ಸುಮ್ಮನಿರಬೇಕು. ಎದುರಾಳಿಗಳು ನಡುಗೆರೆ ದಾಟಿದ ಕೂಡಲೇ ಪೂರ್ತಿ ನಿಲ್ಲಿಸಬೇಕು. ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಾಗ ಊದಲೆಂದು ಅವರೇ ಒಂದು ಪುಟ್ಟ ಮಟ್ಟು ಕಟ್ಟಿದರು. ಮೇಲೇರಿ, ಕೊನೆಯಲ್ಲಿ ಒಂದು ಕಡೆ ನಿಂತುಬಿಡುವ ಐದೇ ಸ್ವರಗಳ ಮಟ್ಟು.

ಅಲ್ಲಿಗೆ ದಿನಾ ಇನ್ನೊಬ್ಬರು ಬರುತ್ತಿದ್ದರು. ಹತ್ತಿರದ ಹಳ್ಳಿ ಮಧುರೆಯ ರೈತ ಸೊಣ್ಣಪ್ಪ. ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಪ್ರಿಯಾಂಕಳ ತಂದೆ. ಮಗಳನ್ನು ಮೊಪೆಡ್ಡಿನಲ್ಲಿ ಕರೆತಂದು, ಅಭ್ಯಾಸ ಮುಗಿಯುವವರೆಗೆ ಬೇಲಿಗೆ ಒರಗಿ ನಿಂತಿರುತ್ತಿದ್ದರು. ಎರಡನೇ ವಾರ ಅವರೇ ಮಾತು ತೆಗೆದರು.

"ಅವತ್ತು ನೀವು ಊದಿದ್ದು ಕೇಳ್ದೆ ಸಾಬ್ರೇ. ಮಟ್ಟು ಪಸಂದಾಗಿತ್ತು. ಹಿಂದ್ಗಡೆ ಪೆಟ್ಟು ಇರ್ಲಿಲ್ಲ, ಅಷ್ಟೇಯ."

"ನೀವು ಬಾರಿಸ್ತೀರಾ?"

"ತಮಟೆ. ನಮ್ಮಪ್ಪನ ಕಾಲ್ದಿಂದ."

ಮೂರು ವಾರ ಕಳೆದು ಬಂದ ಮ್ಯಾಚಿಗೆ ಸಾಬರ ಜೊತೆ ಸೊಣ್ಣಪ್ಪ ತಮಟೆ ತಂದರು. ಚರ್ಮ ಬಿಗಿಯಾಗಲೆಂದು ಗ್ಯಾಲರಿಯ ಹಿಂದೆ ಒಣಗರಿಕೆ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಕಾಯಿಸಿದಾಗ ಕಾವಲುಗಾರ ಓಡಿ ಬಂದು ಬೈದ. ಫೈಬರ್ ತಮಟೆ ತರಬಹುದಲ್ಲ ಎಂದು ಯಾರೋ ಹೇಳಿದರೆ ಸೊಣ್ಣಪ್ಪ, "ಅದು ಬಕೀಟು ಕಣಪ್ಪ, ತಮಟೆ ಅಲ್ಲ," ಎಂದರು. ಅವರ ಪೆಟ್ಟು ಬಿದ್ದರೆ ಸಿಮೆಂಟು ಮೆಟ್ಟಿಲೂ ನಡುಗುವಂತಿತ್ತು. ನಿಲ್ಲಿಸುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಸಾಬರು ಎಡಗೈ ಮುಷ್ಟಿ ಎತ್ತಿದರೆ ನಿಲ್ಲಿಸಬೇಕೆಂದು ಒಪ್ಪಂದವಾಗಿತ್ತು. ಮುಷ್ಟಿ ಎತ್ತಿದ ಮೇಲೂ ನಾಲ್ಕು ಪೆಟ್ಟು ಬಿದ್ದೇ ಬೀಳುತ್ತಿದ್ದವು.

"ಕೈ ಮಾತು ಕೇಳಲ್ಲ ಸಾಬ್ರೇ. ಶುರು ಆದ್ರೆ ಅದ್ಕೇ ಬೇರೆ ಬುದ್ಧಿ."

"ಗೋಲಲ್ಲಿ ನಿಂತಿರೋದು ನನ್ ಮೊಮ್ಮಗಳು ಸೊಣ್ಣಪ್ಪ. ಅವಳ ದನಿ ಕೇಳ್ಬೇಕು."

ಆಮೇಲೆ ಸೊಣ್ಣಪ್ಪ ಸಾಬರ ಮುಷ್ಟಿಯಿಂದ ಕಣ್ಣು ತೆಗೆಯಲಿಲ್ಲ. ಆಟವನ್ನೇ ಅರ್ಧ ನೋಡಲಾಗುವುದಿಲ್ಲವೆಂದು ಗೊಣಗಿದರೂ ಕೈಯನ್ನು ಪಳಗಿಸಿದರು.

ತಂಡ ಗೆಲ್ಲತೊಡಗಿತು. ಮೇಷ್ಟ್ರ ಬೆವರು ಮತ್ತು ಹುಡುಗಿಯರ ಕಾಲು ಗೆಲ್ಲಿಸಿದ್ದು ನಿಜ. ಆದರೆ ಭಾನುವಾರ ಮಧ್ಯಾಹ್ನ ಊರಿಗೆಲ್ಲ ಕೇಳುವಂತೆ ಟ್ರಂಪೆಟ್ಟು ತಮಟೆ ಶುರುವಾದರೆ ಮನೆಯಲ್ಲಿ ಕೂರಲು ಯಾರಿಗೆ ಮನಸ್ಸಾಗುತ್ತದೆ? ಊರಿನ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ಅಂದು ರಜೆ. ಅಲ್ಲಿ ಕೆಲಸ ಮಾಡುವ ಅನಸೂಯ ಎಂಬಾಕೆ ಮೊದಲ ವಾರ ಇಬ್ಬರನ್ನು ಕರೆತಂದಳು, ಮೂರನೇ ವಾರ ಇಪ್ಪತ್ತು ಹೆಂಗಸರನ್ನು. ಮಂಡಕ್ಕಿಯ ಚೀಲ ಬಿಚ್ಚಿಕೊಂಡು ಒಂದೇ ಕಡೆ ಕೂತು, "ಹೊಡಿ ಪ್ರಿಯಾಂಕಾ, ಕಾಲು ನೋವಾದ್ರೆ ನಾವ್ ಒತ್ತೀವಿ!" ಎಂದು ಕೂಗುತ್ತಿದ್ದರು. ಹನ್ನೊಂದು ಜನರಿದ್ದ ಗ್ಯಾಲರಿಯಲ್ಲಿ ಆರನೇ ಮ್ಯಾಚಿಗೆ ಏಳುನೂರು ಜನರಿದ್ದರು. ಅವರೆಲ್ಲರಿಗೂ ಸಾಬರ ಮುಷ್ಟಿಯ ಅರ್ಥ ಗೊತ್ತಾಗಿತ್ತು.

ಲೀಗಿನ ಕೊನೆಯ ಮ್ಯಾಚು ಬೆಂಗಳೂರಿನ ದೊಡ್ಡ ಕ್ರೀಡಾಂಗಣದಲ್ಲಿ, ಅಗ್ರಸ್ಥಾನದಲ್ಲಿದ್ದ ತಂಡದ ಮೇಲೆ. ದೊಡ್ಡಬಳ್ಳಾಪುರದಿಂದ ಒಂದು ಬಸ್ಸು, ಎರಡು ಟೆಂಪೊ ಹೊರಟವು. ಎಂದೂ ಮೈದಾನ ನೋಡದ ಶಂಶುನ್ನೀಸಾ ಕೂಡ ಬುರ್ಖಾ ತೊಟ್ಟು, ಬುತ್ತಿ ಕಟ್ಟಿಕೊಂಡು ಕಿಟಕಿ ಪಕ್ಕ ಕೂತರು.

ಗೇಟಿನಲ್ಲಿ ಅವರನ್ನು ತಡೆದರು.

"ವಾದ್ಯ, ಕೋಲು ಏನೂ ಒಳಗ್ ಬಿಡಲ್ಲ ಸರ್. ಮೊದ್ಲೇ ಪರ್ಮಿಷನ್ ತಗೋಬೇಕಿತ್ತು," ಎಂದ ಭದ್ರತಾ ಸಿಬ್ಬಂದಿ. ಸೊಣ್ಣಪ್ಪ ವಾದಿಸಿದರು, ಅನಸೂಯ ಬೇಡಿಕೊಂಡಳು. ಅವನು ಒರಟನೇನಲ್ಲ, ಅವನಿಗೆ ಬಂದ ಆದೇಶ ಅದು. ಸಾಬರು ಟ್ರಂಪೆಟ್ಟನ್ನೂ ತಮಟೆಯನ್ನೂ ಬಸ್ಸಿನಲ್ಲಿಟ್ಟು ಬಂದರು.

ಒಳಗೆ ಹುಲ್ಲು ಬಣ್ಣ ಹಚ್ಚಿದಂತೆ ಹಸಿರಾಗಿತ್ತು. ಎದುರಿನ ಗ್ಯಾಲರಿಯಲ್ಲಿ ಹಳದಿ ಅಂಗಿಯ ಸಾವಿರಾರು ಅಭಿಮಾನಿಗಳು, ಅವರ ತಲೆಯ ಮೇಲೆ ಆಳೆತ್ತರದ ಸ್ಪೀಕರುಗಳು. ಅವುಗಳ ಸದ್ದು ಎದೆಗೆ ಬಂದು ಗುದ್ದುತ್ತಿತ್ತು. ಮೂಲೆಯಲ್ಲಿ ಕೂತ ನೂರ ಹತ್ತು ಜನ ದೊಡ್ಡಬಳ್ಳಾಪುರದವರು ಕೂಗಿದರೂ ಅದು ಅವರಿಗೇ ಕೇಳುತ್ತಿರಲಿಲ್ಲ. ಹದಿನೆಂಟನೇ ನಿಮಿಷದಲ್ಲಿ ಹಳದಿಯವರು ಗೋಲು ಹೊಡೆದರು. ಸಾಬರು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಅಷ್ಟು ವಯಸ್ಸಾದಂತೆ ಅವರು ಎಂದೂ ಕಂಡಿರಲಿಲ್ಲ ಎಂದು ಶಂಶುನ್ನೀಸಾ ಆಮೇಲೆ ಹೇಳುತ್ತಿದ್ದರು.

ಆಟ ಮತ್ತೆ ಶುರುವಾಗಲು ಸ್ಪೀಕರುಗಳ ಹಾಡು ನಿಂತಿತು. ಆಗ ಹಿಂದಿನ ಸಾಲಿನಲ್ಲಿ ಅನಸೂಯ ಚಪ್ಪಾಳೆ ಶುರು ಮಾಡಿದಳು. ಎರಡು ಚಪ್ಪಾಳೆ, ನಡುವೆ ನೆಲಕ್ಕೆ ಒಂದು ಹೆಜ್ಜೆ. ಚಟ್-ಪಟ್-ಧಡ್, ಚಟ್-ಪಟ್-ಧಡ್. ಲಾಳಿ ಆಚೆಯಿಂದ ಈಚೆಗೆ ಹಾರಿ ಹಲಗೆ ಬಡಿಯುವ ಮಗ್ಗದ ಸದ್ದು ಅದು. ಅವಳ ಪಕ್ಕದ ಹೆಂಗಸರು ಸೇರಿಕೊಂಡರು. ಯಾರಿಗೂ ಹೇಳಿಕೊಡುವ ಅಗತ್ಯವಿರಲಿಲ್ಲ.

ಸಾಬರು ತಿರುಗಿ ನೋಡಿದರು. ಅನಸೂಯ ಚಪ್ಪಾಳೆ ನಿಲ್ಲಿಸದೆ ಹೇಳಿದಳು.

"ದಿನಾ ಹತ್ತು ಗಂಟೆ ಕೇಳೋ ತಾಳ ಸಾಬ್ರೇ. ಇದನ್ನ ಯಾವ್ ಗೇಟಲ್ಲಿ ಕಿತ್ಕೊಂತಾರೆ?"

ಸೊಣ್ಣಪ್ಪ ಎದ್ದು ಖಾಲಿ ಕುರ್ಚಿಯ ಬೆನ್ನಿಗೆ ಅಂಗೈಯಲ್ಲಿ ಬಡಿಯತೊಡಗಿದರು. ಸಾಬರೂ ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ಎಲ್ಲರ ಮುಂದೆ, ಆಟವೂ ಕಾಣುವಂತೆ ಮೈದಾನಕ್ಕೆ ಓರೆಯಾಗಿ ನಿಂತು, ತಾವು ಕಟ್ಟಿದ ಆ ಐದು ಸ್ವರಗಳನ್ನು ಬಾಯಿಯಲ್ಲೇ ಹಾಡಿದರು. "ಪ ಪಾ ಪಪ ಪಾ..." ನೂರ ಹತ್ತು ಜನ ತಿರುಗಿ ಹಾಡಿದರು. ದನಿ ಮೊದಲು ಅಡ್ಡಾದಿಡ್ಡಿಯಾಗಿ, ಆಮೇಲೆ ಒಂದಾಗಿ ಹೊರಟಿತು. ಮೈದಾನದಲ್ಲಿ ಪ್ರಿಯಾಂಕ ಒಮ್ಮೆ ತಲೆಯೆತ್ತಿ ಮೂಲೆಯ ಕಡೆ ನೋಡಿದಳು.

ದ್ವಿತೀಯಾರ್ಧದಲ್ಲಿ ಹಳದಿಯ ಮೂವರು ಒಟ್ಟಿಗೆ ಚೆಂಡು ಹಿಡಿದು ನುಗ್ಗಿದರು. ಸಾಬರ ಮುಷ್ಟಿ ಮೇಲೆದ್ದಿತು. ಮಗ್ಗದ ಕರೆಂಟು ತೆಗೆದಂತೆ ಇಡೀ ಮೂಲೆ ಒಮ್ಮೆಲೇ ನಿಂತಿತು. ಅದುವರೆಗೆ ಆ ತಾಳಕ್ಕೆ ಒಗ್ಗಿಹೋಗಿದ್ದ ಎದುರು ಗ್ಯಾಲರಿಯವರೂ ಏನಾಯಿತೆಂದು ಒಂದು ಗಳಿಗೆ ಸುಮ್ಮನಾದರು. ಆ ಮೌನದಲ್ಲಿ ಫರ್ಹಾಳ ದನಿ ಗಂಟೆಯಂತೆ ಕೇಳಿತು.

"ಮೋನಿಷಾ, ಬಲಕ್ಕೆ! ಹಿಂದೆ ಇದಾಳೆ!"

ಮೋನಿಷಾ ಬಲಕ್ಕೆ ಹಾರಿ ಚೆಂಡು ಕಿತ್ತಳು. ಉದ್ದಕ್ಕೆ ಒದ್ದಳು. ಸಾಬರ ಕೈ ಕೆಳಗಿಳಿಯುತ್ತಲೇ ಮಗ್ಗ ಮತ್ತೆ ಶುರುವಾಯಿತು. ಎಡಬದಿಯಲ್ಲಿ ಓಡುತ್ತಿದ್ದ ಪ್ರಿಯಾಂಕಳ ಹೆಜ್ಜೆಗೂ ಆ ಚಪ್ಪಾಳೆಗೂ ವ್ಯತ್ಯಾಸವಿರಲಿಲ್ಲ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಗೋಲ್‌ಕೀಪರಿನ ಕೈಯಡಿಯಿಂದ ಚೆಂಡನ್ನು ತೂರಿಸಿದಳು. ಸೊಣ್ಣಪ್ಪ ಮಗಳ ಹೆಸರು ಕೂಗುತ್ತ ಕುರ್ಚಿಯ ಬೆನ್ನಿಗೆ ಎರಡೂ ಕೈಯಲ್ಲಿ ಬಡಿದರು. ಶಂಶುನ್ನೀಸಾ ಗುರುತಿಲ್ಲದ ಹೆಂಗಸೊಬ್ಬಳನ್ನು ತಬ್ಬಿಕೊಂಡು ಕುಣಿಯುತ್ತಿದ್ದರು.

ಮ್ಯಾಚು ಗೆಲ್ಲಲಾಗಲಿಲ್ಲ. ಆಟ ಮುಗಿಯಲು ಐದು ನಿಮಿಷವಿದ್ದಾಗ ಹಳದಿಯವರು ಎರಡನೇ ಗೋಲು ಹೊಡೆದರು. ಶಿಳ್ಳೆಯಾದಾಗ ಹುಡುಗಿಯರು ನಿಂತಲ್ಲೇ ಕುಸಿದು ಕೂತರು. ಆದರೆ ಮೂಲೆಯ ತಾಳ ನಿಲ್ಲಲಿಲ್ಲ. ಸೋತವರು ಎದ್ದು, ಒಬ್ಬರ ಕೈ ಒಬ್ಬರು ಹಿಡಿದು ಗ್ಯಾಲರಿಯ ಕಡೆ ಬರುವವರೆಗೂ ಚಪ್ಪಾಳೆ ಅದೇ ಲಯದಲ್ಲಿತ್ತು. ಅಷ್ಟರಲ್ಲಿ ಎದುರಿನ ಹಳದಿ ಗ್ಯಾಲರಿಯೂ ಅದನ್ನು ಎತ್ತಿಕೊಂಡಿತು. ಎರಡು ಚಪ್ಪಾಳೆ, ಒಂದು ಹೆಜ್ಜೆ. ಸಾವಿರಾರು ಜನ. ದೊಡ್ಡಬಳ್ಳಾಪುರದ ಹೆಂಗಸರು ತಾವು ಬಾರಿಸುವುದನ್ನು ಮರೆತು ಕೇಳುತ್ತ ನಿಂತುಬಿಟ್ಟರು.

ಹಳದಿ ಅಭಿಮಾನಿಗಳ ಮುಂದಾಳು ವಿಜಯ್ ಎಂಬ ಯುವಕ ಸುತ್ತು ಹಾಕಿಕೊಂಡು ಸಾಬರ ಬಳಿ ಬಂದ.

"ಸರ್, ನಾಲ್ಕ್ ವರ್ಷದಿಂದ ನಮ್ ಹುಡುಗ್ರಿಗೆ ಕೂಗೋದ್ ಕಲಿಸ್ತಿದೀನಿ. ಆ ಥರ ಒಟ್ಟಿಗೆ ನಿಲ್ಲಿಸೋದು ಹೆಂಗ್ ಸರ್?"

"ನಾನು ಒಂದ್ ಗೋಲು ಕಳ್ಕೊಂಡು ಕಲ್ತಿದ್ದಪ್ಪಾ," ಎಂದರು ಸಾಬರು. "ನೀನು ಹಂಗೇ ಕಲ್ತ್ಕೋ. ಮುಂದಿನ ವರ್ಷ ನಮ್ಮೂರಿಗ್ ಬಾ, ತಮಟೆ ಜೊತೆ ತೋರಿಸ್ತೀನಿ."

ಫರ್ಹಾ ಕಂಬಿಯ ಆಚೆ ಬಂದು ನಿಂತಳು. ಮೊಣಕೈ ತರಚಿತ್ತು, ಕಣ್ಣು ಕೆಂಪಾಗಿತ್ತು.

"ಎರಡನೇ ಗೋಲು ನನ್ ತಪ್ಪು ದಾದಾ."

ಶಂಶುನ್ನೀಸಾ, "ಇಲ್ಲಾ ಬೇಟಾ, ಹಂಗೆಲ್ಲಾ ಏನಿಲ್ಲ," ಎನ್ನಲು ಬಾಯಿ ತೆರೆದರು. ಸಾಬರು ಮೊದಲೇ ಮಾತಾಡಿದರು.

"ಹೌದು. ಹೊಡೆಯೋಳ ಕಾಲಿಂದ ಚೆಂಡು ಹೊರಡೋ ಮೊದ್ಲೇ ಅರ್ಧ ಹೆಜ್ಜೆ ಮುಂದೆ ಬಂದ್ಬಿಟ್ಟೆ. ಹತ್ರದ ಕಂಬದ ಕಡೆ ಗೋಲು ಖಾಲಿ ಆಯ್ತು."

ಫರ್ಹಾ ಅಜ್ಜನನ್ನು ಮಿಕಿಮಿಕಿ ನೋಡಿದಳು. ಅವಳ ಹಿಂದೆ ನಿಂತಿದ್ದ ಚಲಪತಿ ಮೇಷ್ಟ್ರು, "ನಾನ್ ಹೇಳೋ ಕೆಲ್ಸ ಉಳೀತು," ಎಂದರು. ಅಳು ಬರುತ್ತಿದ್ದ ಮುಖದಲ್ಲೇ ಅವಳಿಗೆ ನಗು ಬಂತು. ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಅಜ್ಜನ ಕೆಂಪು ಕೋಟಿನ ತೋಳು ಹಿಡಿದುಕೊಂಡಳು. ಅಜ್ಜಿ ಬುತ್ತಿಯ ಡಬ್ಬಿ ತೆರೆದು, ಹಸಿದಿದ್ದ ಹದಿನೆಂಟು ಹುಡುಗಿಯರಿಗೆ ಯಾವ ಕಡೆಯಿಂದ ಬಡಿಸಲು ಶುರು ಮಾಡುವುದೆಂದು ನೋಡತೊಡಗಿದರು.